ಯಾವೂರವನೋ ಈ ವ್ಯಾಪಾರಿ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಿಂಧನೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಇಂಟರ್ನೆಟ್ ಸೆಂಟರ್‌ನಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ‘ರೆಸಿಡೆಂಟ್ ಈವಿಲ್ 4’ ಆಡ್ತಿದ್ದೆ. ಮೂಲ ಗೇಮ್ ಬಂದಿದ್ದು 2005ರಲ್ಲಿ. ನಮ್ಮ ಪಾಲಿಗೆ ಬಂದಿದ್ದು 2007ರ ಪಿಸಿ ಆವೃತ್ತಿ. ಅದರಲ್ಲಿ ಮೌಸ್‌ನಿಂದ ಗುರಿ ಇಡೋ ಸೌಲಭ್ಯವೇ ಇರಲಿಲ್ಲ. ಕೀಬೋರ್ಡ್ ಒತ್ತಿ ಒತ್ತಿ ಬಂದೂಕು ತಿರುಗಿಸೋದರೊಳಗೆ ಊರಿನವರೆಲ್ಲ ಕೊಡಲಿ ಹಿಡಿದು ಮೈಮೇಲೆ ಬಂದಿರೋರು. ಅದೂ ತಪ್ಪಿದರೆ ಕರೆಂಟ್ ಹೋಗೋದು.

ಕಥೆ ಇಷ್ಟೇ. ಲಿಯೋನ್ ಅನ್ನೋ ಏಜೆಂಟ್ ಅಮೆರಿಕದ ಅಧ್ಯಕ್ಷರ ಮಗಳನ್ನು ಹುಡುಕಿಕೊಂಡು ಸ್ಪೇನಿನ ಒಂದು ಹಳ್ಳಿಗೆ ಹೋಗ್ತಾನೆ. ಹಳ್ಳಿಯಲ್ಲಿ ಒಬ್ಬರೂ ಸರಿ ಇಲ್ಲ. ಎಲ್ಲರೂ ಇವನನ್ನು ಕೊಲ್ಲೋಕೆ ಬರೋರೇ. ಹಿಂಗೆ ಜೀವ ಕೈಯಲ್ಲಿ ಹಿಡಿದು ಓಡುವಾಗ ಒಂದು ಮನೆಯ ಕಿಟಕಿಯಲ್ಲಿ ಒಬ್ಬ ಕಾಣಿಸ್ತಾನೆ. ತಲೆಗೆ ಮುಸುಕು, ಮೂಗು ಬಾಯಿಗೆ ನೇರಳೆ ಬಟ್ಟೆ. ಈ ಕಡೆ ಬಾ ಅಂತ ಕರೀತಾನೆ. ಹೊಡೆಯೋಕೆ ಬಂದೂಕು ಎತ್ತಿದ್ದೆ, ನಿಜ ಹೇಳ್ತೀನಿ. ಆದರೆ ಅವನು ತನ್ನ ಉದ್ದನೆಯ ಕೋಟು ಎರಡೂ ಕಡೆ ತೆರೆದು ತೋರಿಸ್ತಾನೆ. ಒಳಗೆ ಸಾಲಾಗಿ ಬಂದೂಕು. ಏನು ಕೊಳ್ತೀಯಪ್ಪ ಅಂತಾನೆ.

ಅವನ ಹೆಸರು ಗೇಮ್ ಮುಗಿದರೂ ಗೊತ್ತಾಗಲ್ಲ. ಯಾವೂರವನು, ಇಷ್ಟು ಸಾಮಾನು ಎಲ್ಲಿಂದ ತರ್ತಾನೆ, ಹಳ್ಳಿಯವರು ಇವನನ್ನು ಯಾಕೆ ಮುಟ್ಟಲ್ಲ? ಉತ್ತರ ಇಲ್ಲ. ಹಳ್ಳಿ ಮುಗಿದು ಕೋಟೆಗೆ ಹೋದರೆ ಅಲ್ಲೂ ಇದ್ದಾನೆ. ಕೋಟೆ ಮುಗಿದು ದ್ವೀಪಕ್ಕೆ ಹೋದರೆ ನಮಗಿಂತ ಮೊದಲೇ ತಲುಪಿದ್ದಾನೆ. ಅವನಿರೋ ಜಾಗದಲ್ಲಿ ನೀಲಿ ಬೆಂಕಿಯ ಪಂಜು ಉರೀತಿರುತ್ತೆ. ಅದು ಕಂಡರೆ ಸಾಕು, ಹಿಡಿದಿಟ್ಟ ಉಸಿರು ಬಿಡ್ತಿದ್ದೆ. ಕುತೂಹಲಕ್ಕೆ ಒಮ್ಮೆ ಗುಂಡು ಹೊಡೆದು ನೋಡಿದೆ. ಸತ್ತೇಬಿಟ್ಟ. ಆ ಜಾಗದಲ್ಲಿ ಆಮೇಲೆ ವ್ಯಾಪಾರ ಇಲ್ಲ. ಮುಂದಿನ ಜಾಗದಲ್ಲಿ ಮಾತ್ರ ಏನೂ ಆಗದವನ ಹಾಗೆ ಕೋಟು ತೆರೆದು ನಿಂತಿದ್ದ. ನನಗೇ ನಾಚಿಕೆಯಾಯಿತು.

ಈಗ ನಾನೇ ಕೋಡ್ ಬರೆದು ಹೊಟ್ಟೆ ಹೊರೆಯೋನು. ಆ ಕಣ್ಣಿನಿಂದ ನೋಡಿದರೆ ಅವನು ಬರೀ ಒಂದು ಮೆನು. ಗೇಮ್ ಮಾಡೋರ ಭಾಷೆಯಲ್ಲಿ ಆಟಗಾರನ ಜೇಬಿಗೆ ದುಡ್ಡು ಬರೋ ದಾರಿಗೆ ಫಾಸೆಟ್, ಅಂದರೆ ನಲ್ಲಿ, ಅಂತಾರೆ. ದುಡ್ಡು ಹೋಗೋ ದಾರಿಗೆ ಸಿಂಕ್. ನಲ್ಲಿ ಸುರೀತಾ ಇದ್ದು ಸಿಂಕ್ ಕಟ್ಟಿಕೊಂಡರೆ ಆಟ ಕೆಡುತ್ತೆ. ಎಲ್ಲರ ಹತ್ತಿರ ಎಲ್ಲವೂ ಇದ್ದರೆ ಹೆದರಿಕೆ ಎಲ್ಲಿ? ಅದಕ್ಕೇ ವ್ಯಾಪಾರಿ ಬೇಕು. ಒಂದು ಪಟ್ಟಿ, ಬೆಲೆ, ‘ಕೊಳ್ಳು’ ಅನ್ನೋ ಬಟನ್ ಇಟ್ಟಿದ್ದರೂ ಕೆಲಸ ಆಗ್ತಿತ್ತು. ಎಷ್ಟೋ ಗೇಮ್‌ಗಳು ಅಷ್ಟನ್ನೇ ಮಾಡಿವೆ. ಆ ಪಟ್ಟಿಗಳಲ್ಲಿ ಒಂದೂ ನನಗೆ ನೆನಪಿಲ್ಲ.

ನೆನಪಿರೋರು ಬೇರೆ. 2000ದಲ್ಲಿ ಬಂದ ‘ಮಜೋರಾಸ್ ಮಾಸ್ಕ್’ನ ಮುಖವಾಡ ಮಾರುವವನು ಬೆನ್ನ ಮೇಲೆ ಮುಖವಾಡಗಳ ದೊಡ್ಡ ಗಂಟು ಹೊತ್ತು ಸದಾ ನಗ್ತಿರ್ತಾನೆ. ಆ ನಗು ನೋಡಿದರೆ ಮೈ ಜುಮ್ ಅನ್ನುತ್ತೆ. ಕಳುವಾದ ಒಂದು ಮುಖವಾಡ ತಂದುಕೊಡು ಅಂತ ನಮ್ಮನ್ನು ಕಳಿಸ್ತಾನೆ, ಕೊನೆಗೆ ಅದು ಸಿಕ್ಕಿದ ಮೇಲೆ ನಡೀತಾ ನಡೀತಾ ಕಣ್ಣೆದುರೇ ಮಾಯ. ‘ಹಾಲೋ ನೈಟ್’ನಲ್ಲಿ ನಕ್ಷೆ ಮಾರೋ ಕಾರ್ನಿಫರ್ ಇದ್ದಾನೆ. ಗವಿಯ ಕತ್ತಲಲ್ಲಿ ನೆಲದ ಮೇಲೆ ಕಾಗದದ ಹಾಳೆ ಬಿದ್ದಿದ್ದರೆ, ಎಲ್ಲೋ ಯಾರೋ ಗುನುಗುತ್ತಿದ್ದರೆ ಅವನು ಹತ್ತಿರದಲ್ಲೇ ಇದ್ದಾನೆ ಅಂತ ಅರ್ಥ. ಆ ಗುನುಗು ಕೇಳಿ ಇಯರ್‌ಫೋನ್ ಒತ್ತಿ ಹಿಡಿದು ಹುಡುಕಿದವರು ನಿಮ್ಮಲ್ಲೂ ಇರ್ತೀರಿ.

2022ರ ‘ಎಲ್ಡನ್ ರಿಂಗ್’ನಲ್ಲಿ ಅಲೆಮಾರಿ ವ್ಯಾಪಾರಿಗಳಿದ್ದಾರೆ. ಮೊದಲು ಸಿಗೋನು ಪಾಳು ಚರ್ಚಿನಲ್ಲಿ ಕೂತ ಕಾಲೆ. ಅವನಂಥವರು ಅಲ್ಲಲ್ಲಿ ಒಬ್ಬೊಬ್ಬರೇ ಬೆಂಕಿ ಹಾಕಿಕೊಂಡು ಕೂತಿರ್ತಾರೆ, ಕೆಲವರು ತಂತಿವಾದ್ಯ ನುಡಿಸ್ತಾರೆ. ಯಾಕೆ ಒಬ್ಬೊಬ್ಬರೇ ಅಂತ ನಾನು ಯೋಚಿಸಿರಲಿಲ್ಲ. ತುಂಬ ಹೊತ್ತು ಆಡಿದ ಮೇಲೆ ರಾಜಧಾನಿಯ ನೆಲದಡಿ ಇಳಿದಾಗ ಹೆಣಗಳ ರಾಶಿ ಕಾಣುತ್ತೆ. ಇವರ ದೊಡ್ಡ ಕಾರವಾನನ್ನು ಧರ್ಮದ್ರೋಹದ ಆರೋಪ ಹೊರಿಸಿ ಹಿಡಿದು ಜೀವಂತ ಹೂತುಬಿಟ್ಟಿದ್ದಾರೆ. ಊರೂರು ತಿರುಗೋನ ಮೇಲೆ ಅನುಮಾನ ಬೇಗ ಹುಟ್ಟುತ್ತೆ. ಅವನಿಗೆ ಎಲ್ಲರ ಮನೆ ಬಾಗಿಲೂ ಗೊತ್ತು, ಅವನ ಮನೆ ಯಾರಿಗೂ ಗೊತ್ತಿಲ್ಲ.

ಆ ರಾತ್ರಿ ಗೇಮ್ ನಿಲ್ಲಿಸಿ ಸುಮ್ನೆ ಕೂತಿದ್ದೆ. ನೆನಪಾಗಿದ್ದು ಮಸ್ಕಿಯ ಅಜ್ಜಿ ಮನೆ ಕಟ್ಟೆ.

ನಮ್ಮದು ಸಿಂಧನೂರು, ತಾಯಿಯ ತವರು ಮಸ್ಕಿ. ಬೇಸಿಗೆ ರಜೆ ಪೂರ್ತಿ ಅಲ್ಲೇ. ಮಸ್ಕಿ ಅಂದರೆ ನಿಮಗೆ ಅಶೋಕನ ಶಾಸನ ನೆನಪಾಗುತ್ತೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕ್ತಾ ಬಂದ ಸಿ. ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ಬೇರೆ ಕಡೆಯ ಬಂಡೆಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬರೀ ಬಿರುದಿನಿಂದ ಮಾತಾಡ್ತಿದ್ದ ದೊರೆ, ಇಲ್ಲಿ ಅಶೋಕ ಅನ್ನೋ ಸ್ವಂತ ಹೆಸರಿನಿಂದ ಸಿಕ್ಕ. ದೊರೆಯ ಹೆಸರು ಸಿಕ್ಕ ಊರಿನಲ್ಲಿ ನಮ್ಮ ಬಳೆಗಾರನ ಹೆಸರು ಮಾತ್ರ ನಮಗೆ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ‘ಬಳಿಗಾರ’, ಅಷ್ಟೇ.

ವರ್ಷಕ್ಕೆ ಮೂರ್ನಾಲ್ಕು ಸಲ ಬರ್ತಿದ್ದ. ಹೆಗಲ ಮೇಲೆ ಬಳೆಯ ಮಲಾರ, ಕೈಯಲ್ಲಿ ಒಂದು ಟ್ರಂಕು. ಕಟ್ಟೆ ಮೇಲೆ ಬಿಳಿ ಬಟ್ಟೆ ಹಾಸಿ ಮಲಾರ ಬಿಚ್ಚಿದನಂದರೆ ಓಣಿಯ ಹೆಂಗಸರೆಲ್ಲ ಸುತ್ತ. ಲಿಂಗಸುಗೂರು ಕಡೆಯಿಂದ ಬಸ್ಸಿಗೆ ಬಂದು ಸಿಂಧನೂರು ಕಡೆ ಹೋಗ್ತಿದ್ದ. ಅವನಿಗೆ ಮನೆಯೇ ಇಲ್ಲ, ರಾತ್ರಿ ಗುಡ್ಡದ ಮೇಲೆ ಶಾಸನದ ಬಂಡೆ ಹತ್ತಿರ ಮಲಗ್ತಾನೆ ಅಂತ ನಾವು ಹುಡುಗರು ನಂಬಿದ್ದೆವು. ದುಡ್ಡಿಲ್ಲದವರು ಜೋಳ ಅಳೆದು ಕೊಡ್ತಿದ್ದರು. ಅದೂ ಇಲ್ಲದವರಿಗೆ ಉದ್ರಿ. ಉದ್ರಿ ಬರೆದಿಟ್ಟಿದ್ದು ನಾನು ಕಂಡಿಲ್ಲ.

ನಮ್ಮ ಚಿಗವ್ವನ್ನ, ಅಂದರೆ ತಾಯಿಯ ತಂಗಿಯನ್ನ, ಲಿಂಗಸುಗೂರು ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. 2004ರ ಬೇಸಿಗೆ. ನನಗೆ ಒಂಬತ್ತು ವರ್ಷ. ಆ ಊರಲ್ಲಿ ಎಸ್‌ಟಿಡಿ ಬೂತ್ ಇತ್ತು, ತಿಂಗಳಿಗೊಮ್ಮೆ ಫೋನೂ ಬರ್ತಿತ್ತು. ಆರಾಮ ಅದೀನಿ ಅಂತಿದ್ದಳು. ಪಕ್ಕದಲ್ಲಿ ಯಾರೋ ನಿಂತಿದ್ದರೆ ಇನ್ನೇನು ಅಂದಾಳು?

ಬಳೆಗಾರ ಅಜ್ಜಿಗೆ ಹಸಿರು ಬಳೆ ಏರಿಸ್ತಿದ್ದ. ಕೈಯನ್ನು ಒತ್ತಿ ಮೆತ್ತಗೆ ಮಾಡ್ತಾ, ತಲೆ ಎತ್ತದೆ, ಹವಾಮಾನದ ಸುದ್ದಿ ಹೇಳಿದ ಹಾಗೆ ಅಂದ: “ಸಣ್ಣಾಕಿಗಿ ಈ ಸಲ ಎರಡ್-ನಾಕು ಹಾಕೀನ್ರೀ ಅವ್ವಾರ.”

ಅಜ್ಜಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, “ಎರಡ್-ಆರು ಇತ್ತಲ್ಲೋ ಆಕಿಗಿ?” ಅಂದಳು.

“ಹೌದ್ರೀ. ಎರಡ್-ಆರು ಜಾರಿ ಬರ್ತಿತ್ತು.”

ಅಷ್ಟೇ ಮಾತು. ಉಳಿದ ಕೈಗೂ ಬಳೆ ಹಾಕಿ, ಗಂಟು ಕಟ್ಟಿಕೊಂಡು ಮುಂದಿನ ಮನೆಗೆ ಹೋದ. ಅಜ್ಜಿ ಮಧ್ಯಾಹ್ನದ ಊಟ ಮಾಡಲಿಲ್ಲ. ಸಂಜೆ ಬಸ್ಸಿಗೆ ಅಜ್ಜನನ್ನು ಎಬ್ಬಿಸಿಕೊಂಡು ಹೊರಟಳು.

ಹೆಂಗಸರಿಗೆ ಗೊತ್ತಿರೋ ಲೆಕ್ಕ ಇದು, ಗಂಡಸರಿಗೆ ಒಂಚೂರು ಬಿಡಿಸಿ ಹೇಳ್ತೀನಿ. ಬಳೆಯ 2.6 ಅಂದರೆ ಒಳಗಿನ ಅಳತೆ 2 ಇಂಚು, ಮೇಲೆ ಇಂಚಿನ ಹದಿನಾರು ಭಾಗದಲ್ಲಿ 6. ದಶಮಾಂಶ ಅಲ್ಲ, ನಮ್ಮ ಸಾಫ್ಟ್‌ವೇರ್ ವರ್ಷನ್ ನಂಬರ್ ಥರ. 2.8 ಆದ ಮೇಲೆ 2.10 ಬರುತ್ತೆ. 2.6ಕ್ಕೂ 2.4ಕ್ಕೂ ಇರೋ ವ್ಯತ್ಯಾಸ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿಲಿಮೀಟರ್. ಮದುವೆಯಾಗಿ ಮೂರು ವರ್ಷವಾದ ಹೆಣ್ಣುಮಗಳ ಕೈ ಇಂಚಿನ ಎಂಟನೇ ಒಂದು ಭಾಗ ಕರಗಿತ್ತು. ಆ ಸುದ್ದಿ ಮುಟ್ಟಿಸೋಕೆ ಅವನು ಯಾರನ್ನೂ ಬೈಯಲಿಲ್ಲ, ಯಾರ ಮೇಲೂ ಚಾಡಿ ಹೇಳಲಿಲ್ಲ. ತಾನು ಮಾಡಿದ ವ್ಯಾಪಾರ ಹೇಳಿದ.

ಚಿಗವ್ವನಿಗೆ ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ಆಸ್ಪತ್ರೆಗೆ ಯಾರೂ ಕರೆದೊಯ್ದಿರಲಿಲ್ಲ. ಅಜ್ಜಿ ಮಸ್ಕಿಗೆ ಕರಕೊಂಡು ಬಂದಳು. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ಸರ್ಕಾರಿ ಆಸ್ಪತ್ರೆಯ ಪುಕ್ಕಟೆ ಗುಳಿಗೆ, ಆರು ತಿಂಗಳು, ಒಂದು ಡೋಸೂ ತಪ್ಪದ ಹಾಗೆ ಅಜ್ಜಿ ಎದುರು ಕೂತು ನುಂಗಿಸಿದಳು.

ಅವನು ಯಾಕೆ ನೇರ ಹೇಳಲಿಲ್ಲ, ನಿಮ್ಮ ಮಗಳಿಗೆ ಹುಷಾರಿಲ್ಲ ಹೋಗಿ ನೋಡ್ರಿ ಅಂತ? ಸಣ್ಣವನಿದ್ದಾಗ ಅದಕ್ಕೆ ನನಗೆ ಅವನ ಮೇಲೆ ಸಿಟ್ಟೇ ಇತ್ತು. ಈಗ ಹಂಗನ್ನಿಸಲ್ಲ. ನೇರ ಹೇಳಿದ್ದರೆ ಬೀಗರ ಊರಿಗೆ ಸುದ್ದಿ ಮುಟ್ಟಿ, ಆ ಬಾಗಿಲು ಅವನಿಗೆ ಮುಚ್ಚುತ್ತಿತ್ತು. ಆಮೇಲೆ ಆ ಓಣಿಯ ಇನ್ನೊಬ್ಬ ಸೊಸೆಯ ಕೈ ಹಿಡಿದು ನೋಡೋರು ಯಾರು? ಯಾರ ಪಕ್ಷಕ್ಕೂ ಸೇರದೆ, ಯಾವೂರವನು ಅಂತ ಗೊತ್ತಾಗದ ಹಾಗೆ ಇದ್ದಿದ್ದಕ್ಕೇ ಅವನಿಗೆ ಎಲ್ಲ ಮನೆಯ ಕಟ್ಟೆಯೂ ತೆರೆದಿತ್ತು. ಆ ಸ್ಪೇನಿನ ಮುಸುಕಿನವನನ್ನು ಹಳ್ಳಿಯವರು ಮುಟ್ಟದೆ ಇರೋದೂ ಇದಕ್ಕೇ ಅಂತ ನನ್ನ ಊಹೆ. ಗೇಮ್ ಮಾಡಿದವರು ಅಷ್ಟು ಯೋಚಿಸಿದ್ದರೋ ಇಲ್ಲವೋ.

ಕನ್ನಡದವರಿಗೆ ಇದು ಹೊಸದೂ ಅಲ್ಲ. ‘ಭಾಗ್ಯದ ಬಳೆಗಾರ’ ಜನಪದ ಗೀತೆಯನ್ನೇ ನೋಡಿ. ತವರಿಗೆ ಹೋಗಿ ಬಾ ಅಂತ ಹೆಣ್ಣುಮಗಳು ಕೇಳಿದರೆ ಅವನು ದಾರಿ ಗೊತ್ತಿಲ್ಲ ಅಂತಾನೆ. ಅವಳು ದಾರಿಯ ಗಿಡ, ಮನೆಯ ಗುರುತು ಒಂದೊಂದಾಗಿ ಹೇಳ್ತಾ ಹೋಗ್ತಾಳೆ. ಇದಕ್ಕಿಂತ ಚಂದದ ಕ್ವೆಸ್ಟ್ ಯಾವ ಗೇಮ್‌ನಲ್ಲಿದೆ? ಕೆ.ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರು ಮಲ್ಲಿಗೆ’ಯ ಚೆನ್ನಯ್ಯನೂ ಗಂಡನ ಮನೆ ಬಾಗಿಲಿಗೆ ಬರೋದು ತವರಿನಲ್ಲಿರೋ ಹೆಂಡತಿಯ ಸುದ್ದಿ ಹೊತ್ತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು. ಶಾಸನಗಳಲ್ಲಿ ತಾವು ನಾನಾ ದೇಶ ತಿರುಗೋರು ಅಂತ ಹೆಮ್ಮೆಯಿಂದ ಹೇಳಿಕೊಂಡ ವ್ಯಾಪಾರಿ ಸಂಘ. 1088ರ ಒಂದು ತಮಿಳು ಶಾಸನದಲ್ಲಿ ಅವರ ಹೆಸರಿದೆ. ಅದು ಸಿಕ್ಕಿದ್ದು ಎಲ್ಲಿ ಅಂದರೆ ಸುಮಾತ್ರಾದಲ್ಲಿ! ಅಲ್ಲಿನ ಜನರೂ ಇವರು ಯಾವೂರವರಪ್ಪ ಅಂದಿರಬೇಕು.

ನಾನೀಗ ಬೆಂಗಳೂರಿನಲ್ಲಿ ಮಾಡೋ ಕೆಲಸ ಒಂದು ಶಾಪಿಂಗ್ ಆ್ಯಪ್‌ನ ರಿಟರ್ನ್ಸ್ ವಿಭಾಗದ್ದು. ಬಟ್ಟೆಯೋ ಬಳೆಯೋ ಸೈಜ್ ಆಗಲಿಲ್ಲ ಅಂತ ವಾಪಸ್ ಬಂದರೆ ಅದಕ್ಕೊಂದು ಕಾರಣದ ಕೋಡ್ ಬೀಳುತ್ತೆ: ಸೈಜ್ ಹೊಂದಿಕೆಯಾಗಿಲ್ಲ. ಹೋದ ತಿಂಗಳು ಆ ಪಟ್ಟಿ ನೋಡ್ತಿದ್ದೆ. ಒಂದೇ ವಿಳಾಸ, ಒಂದೇ ವರ್ಷದಲ್ಲಿ ಮೂರು ಆರ್ಡರ್, ಸೈಜ್ ಎಲ್, ಆಮೇಲೆ ಎಂ, ಆಮೇಲೆ ಎಸ್. ಜಿಮ್‌ಗೆ ಹೋಗಿರಬಹುದು. ಮನೆಯಲ್ಲಿ ಮಗಳು ಬೆಳೆದು ಅವಳಿಗೆ ತರಿಸಿರಬಹುದು. ನಮ್ಮ ಸಿಸ್ಟಂ ಅವರಿಗೆ ಎಸ್ ಸೈಜಿನ ಇನ್ನೂ ನಾಲ್ಕು ಟಾಪ್ ತೋರಿಸಿತು, ಶೇ 20 ರಿಯಾಯಿತಿಯಲ್ಲಿ. ನಾನು ಟಿಕೆಟ್ ಕ್ಲೋಸ್ ಮಾಡಿದೆ. ಮಾಡೋಕೆ ಬೇರೆ ಏನೂ ಇರಲಿಲ್ಲ, ಇರಲೂಬಾರದು. ಅಷ್ಟೆಲ್ಲ ಗೊತ್ತಿರೋ ಕಂಪನಿ ಗೊತ್ತಿರೋರ ತಾಯಿಗೆ ಫೋನ್ ಮಾಡೋಕೆ ಶುರುಮಾಡಿದರೆ ನಾನೇ ಮೊದಲು ಆ್ಯಪ್ ತೆಗೆದುಹಾಕ್ತೀನಿ. ಆದರೂ ಆ ಮೂರು ಸಾಲು ತಲೆಯಿಂದ ಹೋಗಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ‘ರೆಸಿಡೆಂಟ್ ಈವಿಲ್ 4’ರ 2023ರ ಹೊಸ ಆವೃತ್ತಿ ಹಾಕಿದ್ದೆ. ಈ ಸಲ ಮೌಸ್ ಸರಿಯಾಗಿ ಕೆಲಸ ಮಾಡುತ್ತೆ. ಚಿಗವ್ವ ಚಹಾ ತಂದಳು. ಕೈತುಂಬ ಹಸಿರು ಬಳೆ, ಎರಡ್-ಆರೇ. ಸ್ಕ್ರೀನ್ ಮೇಲೆ ಮುಸುಕಿನವನು ಕೋಟು ತೆರೆದು ನಿಂತಿದ್ದ.

“ಯಾರಲೇ ಇವ?”

“ವ್ಯಾಪಾರಿ, ಚಿಗವ್ವ.”

“ಯಾವೂರವ?”

“ಗೊತ್ತಿಲ್ಲ.”

ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದಳು. “ಮುಖ ಮುಚ್ಚಿಕೊಂಡಾನ ನೋಡು. ಉದ್ರಿ ಕೊಡ್ತಾನೇನು?”

ಕೊಡಲ್ಲ ಅಂದೆ.

“ಹಂಗಾದ್ರ ನಮ್ಮವನ ಛಲೋ,” ಅಂತ ಎದ್ದು ಒಳಗೆ ಹೋದಳು.