ಮದ್ದು ಮತ್ತಾದಾಗ

"ಅತಿಯಾದರೆ ಅಮೃತವೂ ವಿಷ" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಈ ಗಾದೆಯು ಅಳತೆಯ ಮಾತನ್ನು ಹೇಳುತ್ತದೆ. ಅದರೊಡನೆ ಇನ್ನೊಂದು ಮಾತನ್ನೂ ಸೇರಿಸಬೇಕೆಂದು ನನಗೆ ತೋರುತ್ತದೆ. ಮದ್ದು ತಲುಪಬೇಕಾದ ಕೈಯನ್ನು ತಲುಪದೆ ನಡುವೆ ಹಾದಿ ತಪ್ಪಿದರೆ ಅಳತೆಯೆಂಬುದೇ ಉಳಿಯುವುದಿಲ್ಲ. ನಿದ್ದೆ ಬಾರದ ರೋಗಿಗೆಂದು ವೈದ್ಯಶಾಸ್ತ್ರವು ಕಂಡುಕೊಂಡ ಪುಡಿಯು ಸೇಂದಿಯ ಮಡಕೆಗೆ ಬಿದ್ದಾಗ ಅದನ್ನು ತೂಗುವವರು ಯಾರು? ಕುಡಿದವನ ಮನೆಯವರು ಯಾರನ್ನು ಕೇಳಬೇಕು? ಈ ಪ್ರಶ್ನೆಗಳು ನನ್ನ ಮನೆಯ ಹೊಸ್ತಿಲನ್ನೇ ದಾಟಿ ಬಂದುದರಿಂದ, ವಾರ್ಷಿಕ ಸಂಚಿಕೆಯ ಈ ಕೆಲವು ಪುಟಗಳನ್ನು ಅವಕ್ಕೆ ಮೀಸಲಿಡುತ್ತಿದ್ದೇನೆ. ಅಧ್ಯಾಪಕವರ್ಗದವರೂ ಸಹಪಾಠಿಗಳೂ ಸೈರಣೆಯಿಂದ ಓದಬೇಕೆಂದು ವಿನಂತಿ.

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ನಾಡು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಗಡಿಯ ಆಚೆಯ ತೆಲಂಗಾಣದೊಡನೆ ನಮಗೆ ಮಾತಿನ, ಮದುವೆಯ, ಸಂತೆಯ ನಂಟು ಇಂದಿಗೂ ಉಂಟು. ಸೇಂದಿಯ ನಂಟೂ ಉಂಟು. ಈಚಲ ಮರದಿಂದ ಇಳಿಸಿದ ಸೇಂದಿಯು ಬಡವರ ಪಾನೀಯವಾಗಿದ್ದ ಕಾಲವೊಂದಿತ್ತು. ಇಂದು ನಮ್ಮ ಜಿಲ್ಲೆಯಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ. ಆದರೂ ಓಣಿಗಳಲ್ಲಿ ಸೇಂದಿ ಎಂಬ ಹೆಸರಿನಲ್ಲಿ ಮಾರುವ ಪದಾರ್ಥವು ನಿಂತಿಲ್ಲ. ಹೆಸರು ಮಾತ್ರ ಮರದ್ದು. ಅದರೊಳಗಿನ ಮತ್ತು ಔಷಧದ ಕಾರ್ಖಾನೆಯದು. ಮರಗಳು ಕೊಡುವುದಕ್ಕಿಂತ ಕುಡಿಯುವವರು ಕೇಳುವುದು ಹೆಚ್ಚು. ಆದುದರಿಂದ ನೀರಿಗೆ ಸಿಹಿ ಬೆರೆಸಿ, ಅಮಲಿಗಾಗಿ ನಿದ್ರೆಯ ಮದ್ದನ್ನು ಕಲಸುತ್ತಾರೆ. ಜನರು ಇದಕ್ಕೆ ಸಿ.ಎಚ್. ಪೌಡರ್ ಎನ್ನುತ್ತಾರೆ. ಅದರ ಪೂರ್ಣ ಹೆಸರು ಕ್ಲೋರಲ್ ಹೈಡ್ರೇಟ್. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1832ರಲ್ಲಿ ಇದನ್ನು ತಯಾರಿಸಿದನು. 1869ರಲ್ಲಿ ಲೀಬ್‌ರೈಖ್ ಎಂಬಾತನು ಇದು ನಿದ್ದೆ ತರಿಸುವುದೆಂದು ತೋರಿಸಿದನು. ಇದರ ಜೊತೆಗೆ ಡಯಜೆಪಾಂ, ಆಲ್ಪ್ರಜೋಲಾಂ ಎಂಬ, ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳೂ ಇಂಥ ಸೇಂದಿಯಲ್ಲಿ ಸೇರಿಕೊಂಡಿವೆ. 2025ರ ಜುಲೈ ತಿಂಗಳಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ನಗರದ ಒಂದು ಶಾಲೆಯ ಕಟ್ಟಡದಲ್ಲಿಯೇ ಆಲ್ಪ್ರಜೋಲಾಂ ತಯಾರಿಸುತ್ತಿದ್ದುದನ್ನು ಪೋಲೀಸರು ಪತ್ತೆ ಹಚ್ಚಿದರು. ಕೆಳಗೆ ಮಕ್ಕಳ ಪಾಠ, ಮೇಲೆ ಮತ್ತಿನ ಅಡುಗೆ! ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ನನ್ನ ಚಿಗಪ್ಪ ಮಾನ್ವಿ ತಾಲೂಕಿನ ನಮ್ಮ ಹಳ್ಳಿಯನ್ನು ಬಿಟ್ಟು ಬಂದು ರಾಯಚೂರಿನ ಗಂಜ್‌ನಲ್ಲಿ ಹಮಾಲಿಯ ಕೆಲಸಕ್ಕೆ ನಿಂತವರು. ನಾನು ಕಾಲೇಜು ಸೇರಿದಾಗ ಅವರ ಮನೆಯಲ್ಲಿಯೇ ಉಳಿದುಕೊಂಡೆನು. ದಿನವಿಡೀ ಚೀಲ ಹೊತ್ತು, ಸಂಜೆಗೆ ಎರಡು ಬಾಟಲಿ ಸೇಂದಿ ಕುಡಿದು ಬರುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ, ಸುಮ್ಮನೆ ಮಲಗಿಬಿಡುತ್ತಿದ್ದರು. ಒಮ್ಮೆ ನಾನು ಬುದ್ಧಿ ಹೇಳಹೋದಾಗ, "ಅದು ಕುಡೀಲಿಲ್ಲಂದ್ರ ಮರುದಿನ ಕೈಯ್ಯಾಗ ಚೀಲ ನಿಲ್ಲಂಗಿಲ್ಲ ತಮ್ಮಾ" ಎಂದಿದ್ದರು. ಅದು ಸೋಮಾರಿಯ ನೆಪವೆಂದು ನಾನು ತಿಳಿದೆನು. ಅದು ರೋಗದ ಲಕ್ಷಣವೆಂದು ತಿಳಿಯುವಷ್ಟು ಓದು ನನ್ನಲ್ಲಿರಲಿಲ್ಲ.

ಒಂದು ವಾರ ನಗರದಲ್ಲಿ ದಾಳಿಗಳು ನಡೆದು ಮಾರುವವರೆಲ್ಲ ಬಾಗಿಲು ಹಾಕಿದರು. ಚಿಗವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹನುಮಪ್ಪನಿಗೆ ಕಾಯಿ ಒಡೆಸಿದಳು. ಎರಡನೆಯ ದಿನ ಚಿಗಪ್ಪನ ಕೈಗಳು ನಡುಗತೊಡಗಿದವು. ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮೂರನೆಯ ದಿನ ಗೋಡೆಯೊಡನೆ ಮಾತನಾಡಲಾರಂಭಿಸಿದರು. ಸಂಜೆಗೆ ಸೆಳೆತ ಬಂದು ಅಂಗಳದಲ್ಲಿ ಬಿದ್ದರು. ದವಾಖಾನೆಗೆ ಒಯ್ದೆವು. ಕುಡಿತದ ಚಟ ಉಂಟೇ ಎಂದು ವೈದ್ಯರು ಕೇಳಿದರು. "ಇಲ್ರೀ ಡಾಕ್ಟರೇ, ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ಲ" ಎಂದಳು ಚಿಗವ್ವ. ಪಕ್ಕದ ಹಾಸಿಗೆಯವರು ನಮ್ಮ ಓಣಿಯವರೇ. ಅವರ ಮುಂದೆ ಮಾನ ಹೋಗಬಾರದೆಂಬುದು ಅವಳ ಎಣಿಕೆ. ನಾನು ಬಿ.ಎ. ಓದುತ್ತಿದ್ದವನು ಪಕ್ಕದಲ್ಲಿಯೇ ನಿಂತಿದ್ದೆನು. ನಾನೂ ಬಾಯಿ ತೆರೆಯಲಿಲ್ಲ. ಮಿದುಳು ಜ್ವರವಿರಬಹುದೆಂದು ಪರೀಕ್ಷೆಗಳು ನಡೆದವು. ಒಂದು ರಾತ್ರಿ, ಒಂದು ಹಗಲು ಹೀಗೆಯೇ ಕಳೆಯಿತು. ಎರಡನೆಯ ಬಾರಿ ಸೆಳೆತ ಬಂದಾಗ ನಾನು ಹೊರಗೆ ಓಡಿಹೋಗಿ ವೈದ್ಯರಿಗೆ ನಿಜ ಹೇಳಿದೆನು. ಅವರು ಕೋಪಿಸಿಕೊಳ್ಳಲಿಲ್ಲ. ಇಂಥ ಮದ್ದಿಗೆ ಒಗ್ಗಿದ ದೇಹದಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯವೆಂದೂ, ವೈದ್ಯರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕೆಂದೂ ತಿಳಿಸಿ ಹೇಳಿದರು. ಕೊನೆಗೆ ಅವರಾಡಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು: "ಸೋಮವಾರ ದಾಳಿ ಆಗಿದೆ ಎಂದು ನನಗೆ ಗೊತ್ತಿದ್ದರೆ, ಸೆಳೆತ ಎಂದು ಬಂದ ಪ್ರತಿಯೊಬ್ಬರನ್ನೂ ಮೊದಲು ಸೇಂದಿಯ ವಿಷಯವನ್ನೇ ಕೇಳುತ್ತಿದ್ದೆ."

ಚಿಗಪ್ಪ ಉಳಿದರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲವೂ ಆ ವೈದ್ಯರ ಮಾತಿನಲ್ಲಿಯೇ ಇದೆ. ದಾಳಿ ಮಾಡಿದ ಅಧಿಕಾರಿಗಳು ತಮ್ಮ ಕರ್ತವ್ಯವನ್ನು ಮಾಡಿದರು. ವೈದ್ಯರು ತಮ್ಮದನ್ನು ಮಾಡಿದರು. ಇಬ್ಬರ ಕಚೇರಿಗಳ ನಡುವೆ ಹೆಚ್ಚು ದೂರವೂ ಇಲ್ಲ. ಆದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಲಿಲ್ಲ. ಆ ನಡುವಣ ಬಿರುಕಿನಲ್ಲಿ ನನ್ನ ಚಿಗಪ್ಪ ಬಿದ್ದಿದ್ದರು. ಇದು ಒಬ್ಬರ ಮನೆಯ ಕಥೆಯೂ ಅಲ್ಲ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯನ್ನು ಬಿಗಿಯಾಗಿ ತಡೆದಾಗ ನಿಜಾಮಾಬಾದ್, ಮಹಬೂಬ್‌ನಗರ ಮುಂತಾದ ಕಡೆಗಳಲ್ಲಿ ನೂರಾರು ಜನರು ಇದೇ ರೀತಿ ನಡುಕ, ಭ್ರಮೆ, ಸೆಳೆತಗಳಿಂದ ಆಸ್ಪತ್ರೆಗಳ ಬಾಗಿಲಿಗೆ ಬಂದರು.

ಮದ್ದು ಹಾದಿ ತಪ್ಪುವ ಇನ್ನೊಂದು ಬಾಗಿಲನ್ನೂ ನಾನು ಕಂಡಿದ್ದೇನೆ. ಒಂದು ಬೇಸಿಗೆ ರಜೆಯಲ್ಲಿ ದೇವದುರ್ಗದ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡಿದೆನು. ವಾರಕ್ಕೊಮ್ಮೆ ಬರುತ್ತಿದ್ದ ಒಬ್ಬಾತನು ಮಡಿಕೆ ಹರಿದ ಒಂದೇ ಚೀಟಿಯನ್ನು ತೋರಿಸಿ ನಿದ್ರೆಯ ಗುಳಿಗೆಗಳನ್ನು ಒಯ್ಯುತ್ತಿದ್ದನು. ತಾರೀಖು ನೋಡಿದರೆ ಹೋದ ವರ್ಷದ್ದು. ಮಾಲೀಕರನ್ನು ಕೇಳಿದೆನು. "ಚೀಟಿ ಹಳೇದಾದ್ರೇನ್ ತಮ್ಮಾ, ರೊಕ್ಕ ಹೊಸದೈತಲ್ಲ!" ಎಂದು ನಕ್ಕರು. ಅವರು ಕೆಟ್ಟವರಲ್ಲ, ಬಡವರಿಗೆ ಎಷ್ಟೋ ಬಾರಿ ಉದ್ರಿ ಕೊಟ್ಟವರು. ಆದರೆ ಆ ಗುಳಿಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಯೋಚಿಸುವ ಹೊಣೆ ತಮ್ಮದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಾನೂನು ಹೇಳಿದೆ. 1945ರ ಔಷಧ ನಿಯಮಗಳಿಗೆ 2013ರಲ್ಲಿ ಎಚ್-1 ಎಂಬ ಅನುಸೂಚಿಯನ್ನು ಸೇರಿಸಿ, ಅದು 2014ರಲ್ಲಿ ಜಾರಿಗೆ ಬಂದಿತು. ಡಯಜೆಪಾಂ, ಆಲ್ಪ್ರಜೋಲಾಂ, ಕೊಡೀನ್, ಟ್ರಮಡಾಲ್ ಮೊದಲಾದವು ಅದರಲ್ಲಿವೆ. ಇವನ್ನು ಮಾರುವಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಅದರ ಪ್ರಮಾಣ ಇವೆಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ 1985ರ ಕಾಯಿದೆಯ ಕೆಳಗೂ ತಂದರು. ಕಾನೂನಿಗೆ ಕೊರತೆಯಿಲ್ಲ. ಆದರೆ ಅಂಗಡಿಯ ಪುಸ್ತಕ ಅಂಗಡಿಯಲ್ಲಿ, ವೈದ್ಯರ ನೆನಪು ವೈದ್ಯರಲ್ಲಿ, ಅಬಕಾರಿಯವರ ಮೊಕದ್ದಮೆ ಅವರ ಕಡತದಲ್ಲಿ ಉಳಿದರೆ, ಮೂರನ್ನೂ ಜೋಡಿಸಿ ಓದುವವರು ಯಾರು?

ಪ್ರಶ್ನೆಯ ಗುರುತ್ವವನ್ನು ಅರಿಯಲು ಕೆಲವು ಅಂಕಿಗಳನ್ನು ನೋಡೋಣ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಅಫೀಮಿನ ಜಾತಿಯ ಮಾದಕಗಳನ್ನು ಬಳಸುವವರು ಸುಮಾರು 2.26 ಕೋಟಿ, ವೈದ್ಯಕೀಯ ಕಾರಣವಿಲ್ಲದೆ ನಿದ್ರೆಯ, ಶಮನದ ಮದ್ದುಗಳನ್ನು ಬಳಸುವವರು ಸುಮಾರು 1.18 ಕೋಟಿ. ಇವರೆಲ್ಲರೂ ಯಾರದೋ ಚಿಗಪ್ಪ, ಯಾರದೋ ತಮ್ಮ.

ಸಾಗರದಾಚೆಯ ಅಮೆರಿಕದ ಅನುಭವವು ನಮಗೆ ಎಚ್ಚರಿಕೆಯ ಗಂಟೆಯಾಗಬೇಕು. ಅಲ್ಲಿಯ ವಿಪತ್ತು ಆರಂಭವಾದುದು ಕಳ್ಳಸಂತೆಯಲ್ಲಿ ಅಲ್ಲ, ವೈದ್ಯರ ಚೀಟಿಯಲ್ಲಿ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆ ಪೇಟೆಗೆ ಬಂದಿತು. ಚಟ ಹತ್ತುವ ಭಯ ಕಡಿಮೆಯೆಂದು ನಂಬಿಸಿ ಅದನ್ನು ಧಾರಾಳವಾಗಿ ಹಂಚಿದರು. ಅನಾಹುತ ಕಂಡಮೇಲೆ ಗುಳಿಗೆಯನ್ನು ಬಿಗಿ ಮಾಡಿದರು. ಆದರೆ ಚಟ ಹತ್ತಿದವರಿಗೆ ಚಿಕಿತ್ಸೆಯು ಅಷ್ಟೇ ವೇಗದಲ್ಲಿ ದೊರೆಯಲಿಲ್ಲ. 2010ರ ಸುಮಾರಿಗೆ ಅವರಲ್ಲಿ ಅನೇಕರು ಹೆರಾಯಿನಿಗೆ ಹೋದರು. 2013ರಿಂದ ಕಳ್ಳಪೇಟೆಗೆ ಫೆಂಟನಿಲ್ ನುಗ್ಗಿತು. ಶಸ್ತ್ರಚಿಕಿತ್ಸೆಯಲ್ಲಿ, ಅರ್ಬುದದ ನೋವಿನಲ್ಲಿ ಉಪಕಾರಿಯಾದ ಈ ಮದ್ದು ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ. ಹಾದಿ ತಪ್ಪಿದರೆ ಉಪ್ಪಿನ ಕೆಲವು ಕಣಗಳಷ್ಟೇ ಸಾಕು ಉಸಿರು ನಿಲ್ಲಿಸಲು. 2022ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಮಾದಕಗಳಿಂದ ಸತ್ತವರು 1 ಲಕ್ಷಕ್ಕೂ ಮಿಗಿಲು. ಅಷ್ಟಾದ ಮೇಲೆ ಅಲ್ಲಿ ವೈದ್ಯರೂ ಔಷಧ ವ್ಯಾಪಾರಿಗಳೂ ಒಂದೇ ದಾಖಲೆಯನ್ನು ನೋಡಿ ಮದ್ದು ಕೊಡುವ ಏರ್ಪಾಡು ಎಲ್ಲ ಕಡೆಗೂ ಹಬ್ಬಿದೆ. ಬಾಗಿಲು ಮುಚ್ಚುವುದೊಂದೇ ಸಾಲದು, ಒಳಗೆ ಸಿಕ್ಕಿಕೊಂಡವರನ್ನು ಹೊರತರುವ ಏಣಿಯೂ ಬೇಕು ಎಂಬ ಪಾಠವನ್ನು ಅವರು ತುಂಬ ದುಬಾರಿ ಬೆಲೆ ಕೊಟ್ಟು ಕಲಿತರು. ರಾಯಚೂರಿನ ಸೇಂದಿಯ ಮಡಕೆಯೂ ಅದೇ ಪಾಠವನ್ನು ಹೇಳುತ್ತಿದೆ.

ಹಾಗಾದರೆ ಮಾಡಬೇಕಾದುದೇನು? ಕೂಡಿ ಕೂಡುವ ಮೇಜು ನಮ್ಮಲ್ಲಿಯೂ ಉಂಟು. ಕೇಂದ್ರ ಸರ್ಕಾರವು 2016ರಲ್ಲಿ ಸ್ಥಾಪಿಸಿದ ಮಾದಕ ನಿಯಂತ್ರಣದ ಸಮನ್ವಯ ವ್ಯವಸ್ಥೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೂ ಸ್ಥಾನವಿದೆ. ಆ ಮೇಜಿನ ಸುತ್ತ ಪೋಲೀಸ್, ಅಬಕಾರಿ, ಔಷಧ ನಿಯಂತ್ರಣ ಇಲಾಖೆಗಳೊಡನೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರೂ, ತಾಲೂಕಿನ ಔಷಧ ವ್ಯಾಪಾರಿಗಳೂ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯೂ, ಕಾಲೇಜಿನ ಅಧ್ಯಾಪಕರೂ ಕೂಡಬೇಕು. ಅಲ್ಲಿ ಮೊದಲು ಆಗಬೇಕಾದ ನಿರ್ಣಯ ಒಂದೇ: ದಾಳಿ ನಡೆದ ಸಂಜೆಯೇ ಆಸ್ಪತ್ರೆಗೆ ಸುದ್ದಿ ಹೋಗಬೇಕು. ಮೊದಲೇ ತಿಳಿಸಿದರೆ ಗುಟ್ಟು ಹೊರಬಿದ್ದು ಮಾರುವವನು ತಪ್ಪಿಸಿಕೊಳ್ಳುವನೆಂದು ಕೆಲವರು ಆಕ್ಷೇಪಿಸಬಹುದು. ಮೊದಲೇ ತಿಳಿಸುವ ಅಗತ್ಯವೇ ಇಲ್ಲ. ತೀವ್ರ ಲಕ್ಷಣಗಳು ಬಹುಮಟ್ಟಿಗೆ ಒಂದೆರಡು ದಿನ ಕಳೆದ ಮೇಲೆ ತೋರುವುದರಿಂದ, ಸಂಜೆಯ ಒಂದು ದೂರವಾಣಿ ಕರೆಯೇ ಸಾಕು. ಓಣಿಯ ಆಶಾ ಕಾರ್ಯಕರ್ತೆಗೂ ಅದೇ ಸುದ್ದಿ ತಲುಪಿದರೆ, ಸೆಳೆತ ಬರುವ ಮೊದಲೇ ರೋಗಿಯು ಆಸ್ಪತ್ರೆ ಸೇರಬಹುದು. ವೈದ್ಯರು ಚೀಟಿಯಲ್ಲಿ ಎಷ್ಟು ದಿನಕ್ಕೆಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಲಿ. ಸಂಶಯ ಬಂದಾಗ ಅಂಗಡಿಯವರು ಅವರನ್ನು ಕೇಳಲಿ. ಕೇಳಿದವರ ಮೇಲೆ ವೈದ್ಯರು ಮುನಿಯದಿರಲಿ.

ಇಷ್ಟರಲ್ಲಿ ಒಂದು ಎಚ್ಚರವೂ ಇರಬೇಕು. 1985ರ ಕಾಯಿದೆಯ ಬಿಗಿಯಿಂದಾಗಿ ಅರ್ಬುದ ರೋಗಿಗಳಿಗೆ ನೋವು ನೀಗುವ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಕಳ್ಳನನ್ನು ಹಿಡಿಯುವ ಭರದಲ್ಲಿ ನರಳುವವನ ಬಾಯಿಂದ ಮದ್ದು ಕಸಿಯಬಾರದು. ಈ ವಿವೇಕವು ವೈದ್ಯರು ಪಕ್ಕದಲ್ಲಿ ಕುಳಿತಾಗ ಮಾತ್ರ ಅಧಿಕಾರಿಗಳಿಗೆ ಒದಗುತ್ತದೆ.

"ಕುಡಿದು ಕೆಟ್ಟರೆ ಅವರ ಕರ್ಮ, ನಮಗೇಕೆ?" ಎನ್ನುವವರೂ ಉಂಟು. ನನ್ನ ಚಿಗಪ್ಪ ಕುಡಿದುದು ತಪ್ಪು. ಆದರೆ ಅವರು ಕೊಂಡದ್ದು ಸೇಂದಿ. ಅದರಲ್ಲಿ ಏನಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಿಳಿಯದೆ ಕುಡಿದವನಿಗೆ ತಿಳಿದವರೆಲ್ಲರೂ ಸಾಲಗಾರರು.

ಆ ಸಾಲದಲ್ಲಿ ವಿದ್ಯಾರ್ಥಿಗಳಾದ ನಮ್ಮ ಪಾಲೂ ಇದೆ. ನಮ್ಮ ಎನ್.ಎಸ್.ಎಸ್. ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ಸಂಜೆಯನ್ನು ಈ ಮಾತಿಗೆ ಕೊಡೋಣ. ಟೆಲಿಮಾನಸ್ ಎಂಬ ಸರ್ಕಾರದ ಉಚಿತ ಮನೋಆರೋಗ್ಯ ಸಹಾಯವಾಣಿಯ ಸಂಖ್ಯೆ 14416, ವ್ಯಸನ ಮುಕ್ತಿಯ ಸಂಖ್ಯೆ 14446. ಇವನ್ನು ಹಳ್ಳಿಯ ಗೋಡೆಗಳ ಮೇಲೆ ಬರೆಯೋಣ. ಮನೆಯಲ್ಲಿ ಉಳಿದ ನಿದ್ರೆಯ ಗುಳಿಗೆಗಳನ್ನು ಇನ್ನೊಬ್ಬರಿಗೆ ಕೊಡದಿರೋಣ. ಎಲ್ಲಕ್ಕಿಂತ ಮೊದಲು, ವೈದ್ಯರು ಕೇಳಿದಾಗ ನಿಜ ಹೇಳೋಣ. ಅಂದು ದವಾಖಾನೆಯಲ್ಲಿ ನಾನು ಮಾನಕ್ಕೆ ಅಂಜಿ ಒಂದು ರಾತ್ರಿ, ಒಂದು ಹಗಲು ಸುಮ್ಮನಿದ್ದೆನು. ಇಲಾಖೆಗಳ ನಡುವಿನ ಬಿರುಕನ್ನು ದೂರುವ ನಾನು, ಮೊದಲ ಬಿರುಕು ನನ್ನ ನಾಲಗೆಯಲ್ಲಿಯೇ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಚಿಗಪ್ಪ ಈಗ ಗಂಜ್‌ಗೆ ಹೋಗುತ್ತಿದ್ದಾರೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ. ಪಕ್ಕದಲ್ಲಿ ಓಣಿಯವರು ಯಾರಿದ್ದರೂ ಸರಿಯೆ, ವೈದ್ಯರು ಕೇಳಿದ್ದಕ್ಕೆ ಅವರೇ ಗಟ್ಟಿಯಾಗಿ ಉತ್ತರ ಕೊಡುತ್ತಾರೆ.