ಮೊದಲು ಕೇಳಿದರೆ

ತೆರಿಗೆಯ ವಿಚಾರದಲ್ಲಿ ಪ್ರಜೆಯನ್ನು ಮೊದಲು ಕೇಳುವುದಕ್ಕೂ ಆಮೇಲೆ ಅವನ ಕೂಗನ್ನು ಕೇಳಿಸಿಕೊಳ್ಳುವುದಕ್ಕೂ ಬಹಳ ಅಂತರವಿದೆ. 2009ರ ಆಗಸ್ಟಿನಲ್ಲಿ ಅಂದಿನ ಅರ್ಥಸಚಿವ ಪ್ರಣಬ್ ಮುಖರ್ಜಿಯವರು ನೇರ ತೆರಿಗೆ ಸಂಹಿತೆಯ ಕರಡನ್ನು ಹೊರಡಿಸಿದರು. ಅದು ಅಂತರಜಾಲದಲ್ಲಿ ಪ್ರಕಟವಾಯಿತು. ಸಾರ್ವಜನಿಕರ ಅಭಿಪ್ರಾಯವನ್ನೂ ಕೋರಲಾಯಿತು. ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವಾಗ ತೆರಿಗೆ ಸಲ್ಲಬೇಕೆಂಬ ಸೂಚನೆ ಆ ಕರಡಿನಲ್ಲಿತ್ತು. ಸಂಬಳದಾರನ ಪಾಲಿಗೆ ಆ ಗಂಟು ಬರಿಯ ಉಳಿತಾಯವೇ? ಮಗಳ ಮದುವೆ, ತಲೆಯ ಮೇಲೊಂದು ಸೂರು, ಮುಪ್ಪಿನ ಔಷಧ, ಎಲ್ಲವೂ ಅದರೊಳಗೇ. ಆಕ್ಷೇಪಣೆಗಳು ಬಂದವು. 2010ರ ಜೂನ್ ತಿಂಗಳಲ್ಲಿ ಹೊರಬಂದ ಪರಿಷ್ಕೃತ ಪತ್ರವು ಆ ಸೂಚನೆಯನ್ನು ಕೈಬಿಟ್ಟಿತು.

ಕೆಲವು ವರ್ಷಗಳ ತರುವಾಯ ಅದೇ ವಿಚಾರ ಬೇರೊಂದು ಬಾಗಿಲಿನಿಂದ ಬಂದಿತು. ಮುಂಗಡಪತ್ರಕ್ಕೆ ಸಲಹೆ ನೀಡಿರೆಂದು ಸರಕಾರ ತನ್ನ ‘ಮೈಗವ್’ ಜಾಲತಾಣದಲ್ಲಿ ನಾಗರಿಕರನ್ನು ಕರೆಯುವುದುಂಟು. ಆದರೆ ಸಲಹೆ ಕೇಳುವುದು ಬೇರೆ, ಕರಡು ತೋರಿಸುವುದು ಬೇರೆ. ಮುಂಗಡಪತ್ರವೋ ಮಂಡನೆಯಾಗುವವರೆಗೆ ಗುಟ್ಟು! 2016ರ ಫೆಬ್ರವರಿ 29ರಂದು ಅರುಣ್ ಜೇಟ್ಲಿಯವರು ಮಂಡಿಸಿದ ಮುಂಗಡಪತ್ರದಲ್ಲಿ, ಏಪ್ರಿಲ್ 1ರ ನಂತರದ ವಂತಿಗೆಯಿಂದ ಕೂಡುವ ಭವಿಷ್ಯನಿಧಿಯ ಶೇಕಡಾ 40 ಭಾಗಕ್ಕೆ ಮಾತ್ರ ತೆರಿಗೆ ವಿನಾಯಿತಿ ಎಂದಿತ್ತು. ದೇಶದಾದ್ಯಂತ ಗದ್ದಲವೆದ್ದಿತು. ಎಷ್ಟು ಮನೆಗಳಲ್ಲಿ ಗಂಡಹೆಂಡಿರು ರಾತ್ರಿ ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಹಾಕುತ್ತ ಕುಳಿತರೋ! ಮಾರ್ಚ್ 8ರಂದು ಸಚಿವರೇ ಲೋಕಸಭೆಯಲ್ಲಿ ಆ ಪ್ರಸ್ತಾಪವನ್ನು ಹಿಂತೆಗೆದುಕೊಂಡರು.