ಗಣಕಗಳ ಸಂಖ್ಯೆಯೋ, ದುಡಿಮೆಯ ಹೊಂದಾಣಿಕೆಯೋ?

ಒಂದು ಗಣಕಯಂತ್ರಕ್ಕೆ ಭಾರವಾದ ಕಾರ್ಯವನ್ನು ನೂರು ಯಂತ್ರಗಳಿಗೆ ಹಂಚಿದರೆ ಅದು ನೂರು ಪಟ್ಟು ಬೇಗ ಮುಗಿಯುವುದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಆದರೆ ಇದು ಅರ್ಧಸತ್ಯ. 1967ರಲ್ಲಿ ಅಮೆರಿಕದ ಜೀನ್ ಆಮ್‌ಡಾಲ್ ಮಂಡಿಸಿದ ತರ್ಕದಂತೆ, ಕೆಲಸದ ನೂರರಲ್ಲಿ ಐದು ಪಾಲು ಹಂಚಲಾಗದೆ ಉಳಿದರೆ, ಎಷ್ಟೇ ಸಂಸ್ಕಾರಕಗಳನ್ನು ಹೂಡಿದರೂ ವೇಗ ಇಪ್ಪತ್ತು ಪಟ್ಟನ್ನು ಮೀರದು. ಗಜೇಂದ್ರಗಡದ ನೇಕಾರರಿಗೆ ಈ ಮಾತು ಹೊಸದಲ್ಲ. ಮಗ್ಗಗಳು ಇಪ್ಪತ್ತಿದ್ದು ಹಾಸು ಸಿದ್ಧಪಡಿಸುವವನು ಒಬ್ಬನೇ ಆದರೆ ಮಗ್ಗಗಳು ಬರಿದೆ ನಿಲ್ಲುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಗೊಂಡ ‘ಸಹಸ್ರಟಿ’ ಮಹಾಗಣಕದಲ್ಲಿ 1,376 ಘಟಕಗಳಿದ್ದವು. ಪ್ರತಿ ಘಟಕದಲ್ಲಿ ಎರಡು ಸಂಸ್ಕಾರಕಗಳು. ಒಂದೊಂದರಲ್ಲಿ 12 ಕೋರ್‌ಗಳು. ಹೀಗೆ ಒಂದೇ ಸೂರಿನಡಿ ದುಡಿಯುವ 24 ಕೋರ್‌ಗಳು ನೆನಪಿನ ಭಂಡಾರಕ್ಕೆ ಒಮ್ಮೆಲೇ ಮುಗಿಬಿದ್ದರೆ ದಾರಿ ಇಕ್ಕಟ್ಟಾಗುತ್ತದೆ; ಆಗ ಕೆಲವನ್ನು ಸುಮ್ಮನಿರಿಸಿದರೇ ಕೆಲಸ ಬೇಗ ಸಾಗುವುದುಂಟು. ಒಂದು ಸಂಸ್ಕಾರಕವು ಮತ್ತೊಂದರ ಪಕ್ಕದ ನೆನಪಿಗೆ ಕೈಚಾಚಿದರೆ ವಿಳಂಬ ತಪ್ಪದು. ಆದ್ದರಿಂದ ದತ್ತಾಂಶವನ್ನು ಬಳಸುವವನ ಬಳಿಯಲ್ಲಿಯೇ ಇರಿಸಬೇಕು. ಘಟಕದೊಳಗೆ ನೆನಪನ್ನು ಹಂಚಿಕೊಳ್ಳಬೇಕು. ಘಟಕಗಳ ನಡುವಿನ ಸಂದೇಶಗಳನ್ನು ಬಿಡಿಬಿಡಿಯಾಗಿ ಕಳಿಸದೆ ಒಟ್ಟುಗೂಡಿಸಿ ಕಳಿಸಬೇಕು.

ಇದು ಕೇವಲ ಪಂಡಿತರ ವಿಷಯವಲ್ಲ. ಹವಾಮಾನದ ಲೆಕ್ಕದಲ್ಲಿ ವಾಯುಮಂಡಲವನ್ನು ತುಂಡುತುಂಡಾಗಿ ಹಂಚುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಒಂದು ತುಂಡು ನೆರೆಯ ತುಂಡಿನ ಸುದ್ದಿಗಾಗಿ ಕಾಯಬೇಕು. ಕಾಯುವಿಕೆಯೇ ಹೆಚ್ಚಾಗಿ, ಮಳೆ ಬಂದುಹೋದ ಮೇಲೆ ಮುನ್ಸೂಚನೆ ಹೊರಟರೆ ರೋಣದ ಎರೆಭೂಮಿಯ ಬಿತ್ತನೆಗಾರನಿಗೂ ನರಗುಂದದ ಕಾಲುವೆಯಂಚಿನ ರೈತನಿಗೂ ಅದರಿಂದ ಬಂದ ಭಾಗ್ಯವೇನು?

ಈ ಮರ್ಮವನ್ನು ನಮ್ಮ ನಾಡು ಬಹು ಹಿಂದೆಯೇ ಅರಿತಿತ್ತು. 1986ರಲ್ಲಿ, ಪ್ರೊ. ರೊದ್ದಂ ನರಸಿಂಹರು ನಿರ್ದೇಶಕರಾಗಿದ್ದಾಗ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಡಾ. ಯು. ಎನ್. ಸಿನ್ಹಾ ಮತ್ತು ಸಂಗಡಿಗರು ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ನಿರ್ಮಿಸಿದರು. ಅದರಲ್ಲಿದ್ದುದು ನಾಲ್ಕೇ ಸಂಸ್ಕಾರಕಗಳು. ಮುಂದೆ ಅವರು ಸಂದೇಶವನ್ನು ಸಾಗಿಸುತ್ತಲೇ ಸಂಸ್ಕರಿಸುವ ‘ಫ್ಲೋಸ್ವಿಚ್’ ಅನ್ನೂ ರೂಪಿಸಿದರು. ಯಂತ್ರಗಳನ್ನು ಹೆಚ್ಚಿಸುವಷ್ಟೇ ಅವುಗಳ ನಡುವಿನ ಮಾತುಕತೆಯನ್ನು ತಿದ್ದುವುದೂ ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಶಾಲೆಗಳಿಗೆ ಗಣಕಗಳನ್ನು ದಾನವಿತ್ತ ಮಹನೀಯರ ಔದಾರ್ಯ ಸ್ತುತ್ಯವಾದುದು. ಆದರೆ ಕೊಠಡಿಯ ತುಂಬ ಯಂತ್ರಗಳಿದ್ದು ಕೆಲಸ ಹಂಚುವ ಬಗೆಯನ್ನು ಕಲಿಸುವ ಗುರುವಿಲ್ಲದಿದ್ದರೆ ಆ ದಾನ ಸಾರ್ಥಕವಾಗದು. ನಾಲ್ಕು ಹಳೆಯ ಗಣಕಗಳನ್ನು ಒಂದು ತಂತಿಯಿಂದ ಜೋಡಿಸಿದರೂ ಈ ಪಾಠವನ್ನು ಕಲಿಸಬಹುದು. ದಾನಿಗಳು ಯಂತ್ರದೊಡನೆ ಶಿಕ್ಷಕರ ತರಬೇತಿಗೂ ಒಂದು ಪಾಲನ್ನು ಮೀಸಲಿಡುವುದು ಇಂದಿನ ಅಗತ್ಯ.